ಗಾಳದ ನೊಣವೂ ಕೂದಲಿನ ಪಾಠವೂ

ಮೀನು ಹಿಡಿಯುವವನು ಗಾಳಕ್ಕೆ ಎರೆಹುಳುವನ್ನು ಸಿಕ್ಕಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹುಳುವಿಗೆ ಬದಲಾಗಿ ಕೊಕ್ಕೆಯ ಮೇಲೆ ಕೂದಲು, ಗರಿ, ದಾರಗಳನ್ನು ಸುತ್ತಿ, ಕೀಟದಂತೆ ತೋರುವ ಕೃತಕ ನೊಣವನ್ನು ಕಟ್ಟಿ ಮೀನನ್ನು ಮರುಳುಗೊಳಿಸುವ ಕಲೆಯೂ ಒಂದುಂಟು. ಇದು ಹೊಸದಲ್ಲ. ಮ್ಯಾಸಿಡೋನಿಯದ ಬೆಸ್ತರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ ಹುಂಜದ ಎರಡು ಗರಿಗಳನ್ನು ಕಟ್ಟುತ್ತಿದ್ದರೆಂದು ರೋಮಿನ ಲೇಖಕ ಏಲಿಯನ್ ಸುಮಾರು 1,800 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ.

ಬ್ರಿಟನ್, ಅಮೆರಿಕ ಮೊದಲಾದ ದೇಶಗಳ ಹವ್ಯಾಸಿಗಳಲ್ಲಿ ಇಂತಹ ನೊಣಗಳ ವಿನಿಮಯದ ಪದ್ಧತಿಯಿದೆ. ಹನ್ನೆರಡು ಮಂದಿ ಸೇರಿದರೆ ಪ್ರತಿಯೊಬ್ಬರೂ ಒಂದೇ ಬಗೆಯ ಹನ್ನೆರಡು ನೊಣಗಳನ್ನು ಕಟ್ಟಿ ಸಂಚಾಲಕನಿಗೆ ಕಳುಹಿಸುತ್ತಾರೆ. ಅವನು ವಿಂಗಡಿಸಿ ಎಲ್ಲರಿಗೂ ಒಂದೊಂದು ಬಗೆಯನ್ನು ಹಂಚುತ್ತಾನೆ. ಕಟ್ಟಿದವನ ಹೆಸರು, ಬಳಸಿದ ಸಾಮಗ್ರಿ ಇವುಗಳನ್ನು ತಿಳಿಸುವ ಚೀಟಿಯೊಂದು ನೊಣದೊಡನೆ ಇರುತ್ತದೆ. ಕೆಲವೊಮ್ಮೆ ‘ಸಾಮಾನ್ಯವಾಗಿ ಯಾರೂ ಬಳಸದ ಪ್ರಾಣಿಯ ಕೂದಲೇ ಬೇಕು’ ಎಂಬ ನಿಯಮವನ್ನೂ ಇಡುತ್ತಾರೆ. ಆಗ ಏಳುವ ಪ್ರಶ್ನೆ: ವಿಶೇಷ ಎಂದರೆ ದುರ್ಲಭವೇ, ಅಥವಾ ಇದುವರೆಗೆ ಯಾರೂ ಗಮನಿಸದಿದ್ದುದೇ? ಎರಡನೆಯದೇ ಸರಿಯೆಂಬುದು ನನ್ನ ಅಭಿಪ್ರಾಯ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಅದರ ಹೊರಮೈಯಲ್ಲಿ ಹೆಂಚು ಹೊದಿಸಿದಂತೆ ಸೂಕ್ಷ್ಮ ಶಲ್ಕಗಳಿವೆ. ನಡುವಿನಲ್ಲಿ ಗಟ್ಟಿಯಾದ ಪದರವಿದೆ. ಅನೇಕ ಪ್ರಾಣಿಗಳಲ್ಲಿ ಒಳಗೊಂದು ತಿರುಳೂ ಉಂಟು. ಚಳಿಗಾಲದ ಜಿಂಕೆಯ ಕೂದಲಿನಲ್ಲಿ ಈ ತಿರುಳು ಗಾಳಿ ತುಂಬಿದ ಕೋಶಗಳಿಂದ ವಿಶಾಲವಾಗಿರುತ್ತದೆ. ಆದುದರಿಂದಲೇ ಅದು ತೇಲುತ್ತದೆ. ದಾರದಿಂದ ಬಿಗಿದೊಡನೆ ಹೂವಿನಂತೆ ಅರಳುತ್ತದೆ. ಅಮೆರಿಕದ ಅಲ್ ಟ್ರೋತ್ 1957ರಲ್ಲಿ ಎಲ್ಕ್ ಕೂದಲಿನಿಂದ ಕಟ್ಟಿದ ಪ್ರಸಿದ್ಧ ನೊಣದ ಗುಟ್ಟೂ ಇಂತಹುದೇ. ಮನುಷ್ಯನ ಕೂದಲಿನಲ್ಲಿ ತಿರುಳು ಅತ್ಯಲ್ಪ, ಕೆಲವೊಮ್ಮೆ ಇಲ್ಲವೇ ಇಲ್ಲ. ಅದು ಹೀಗೆ ಅರಳದು. ಮೊಲದ ಮುಖದ ಒರಟು ರೋಮವು ಕೀಟದ ಕಾಲುಗಳಂತೆ ಚಾಚಿಕೊಂಡು ನಿಲ್ಲುತ್ತದೆ. ಹೀಗೆ ಒಂದೊಂದು ನೊಣವೂ ಒಂದು ಪ್ರಯೋಗವೇ ಸರಿ.

ಆದರೆ ದುರ್ಲಭ ವಸ್ತುವಿನ ಮೋಹ ಈ ಪಾಠವನ್ನು ಮರೆಸುತ್ತದೆ. ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿಗಳಲ್ಲಿ ಮೇಣದಂತೆ ಹೊಳೆಯುವ ಚುಕ್ಕೆಗಳಿವೆ. ಸಾಲ್ಮನ್ ಮೀನಿನ ಕೃತಕ ನೊಣಗಳಿಗಾಗಿ ಈ ಗರಿಗಳು ಹಿಂದೆ ಬ್ರಿಟನ್ನಿಗೆ ರಫ್ತಾಗುತ್ತಿದ್ದುವು. 2009ರ ಜೂನ್‌ನಲ್ಲಿ ಇಂಗ್ಲೆಂಡಿನ ಟ್ರಿಂಗ್ ಪಟ್ಟಣದ ವಸ್ತುಸಂಗ್ರಹಾಲಯದಿಂದ 299 ಹಕ್ಕಿಚರ್ಮಗಳು ಕಳುವಾದುವು. ಕದ್ದವನು ನೊಣ ಕಟ್ಟುವ ಯುವಕ. ಅವುಗಳಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಸಂಗ್ರಹಿಸಿದ ಹಕ್ಕಿಗಳೂ ಇದ್ದುವು. ಮರಳಿ ದೊರೆತವುಗಳಲ್ಲಿ ಅನೇಕಕ್ಕೆ ಚೀಟಿಯೇ ಇರಲಿಲ್ಲ. ಎಲ್ಲಿ, ಎಂದು ಸಿಕ್ಕಿತೆಂಬ ವಿವರವಿಲ್ಲದ ಹಕ್ಕಿಚರ್ಮ ವಿಜ್ಞಾನಕ್ಕೆ ಬಹುಮಟ್ಟಿಗೆ ನಿರುಪಯೋಗಿ.

‘ಪ್ರಾಣಿ ಎಂದೋ ಸತ್ತಿದೆ, ಅದರ ಹಳೆಯ ಚರ್ಮದ ಕೂದಲನ್ನು ಬಳಸಿದರೆ ತಪ್ಪೇನು?’ ಎಂದು ಕೇಳುವವರುಂಟು. ಹಳೆಯದಕ್ಕೂ ಹೊಸದಕ್ಕೂ ಕೊಳ್ಳುವವನ ಕಣ್ಣಿಗೆ ಭೇದ ಕಾಣುವುದಿಲ್ಲ. ಬೇಡಿಕೆ ಬೆಳೆದಂತೆ ಬೇಟೆಯೂ ಬೆಳೆಯುತ್ತದೆ. ನಮ್ಮಲ್ಲಿ ಬಣ್ಣದ ಕುಂಚಗಳಿಗಾಗಿ ಮುಂಗುಸಿಗಳನ್ನು ಕೊಲ್ಲುವುದು ಇದಕ್ಕೆ ಸಾಕ್ಷಿ. ಆ ಕೂದಲಿನ ವ್ಯಾಪಾರ ಕಾನೂನಿಗೆ ವಿರುದ್ಧವಾದುದು. ನಿರ್ಬಂಧ ಬಂದರೆ ಕಲೆ ಸಾಯುವುದೆಂಬ ಭಯವೂ ಬೇಡ. ಅಮೆರಿಕದ 1972ರ ಕಾಯಿದೆ ಕಡಲ ಸಸ್ತನಿಗಳನ್ನು ರಕ್ಷಿಸಿದ ಬಳಿಕ, ಅಲ್ಲಿಯವರು ಸೀಲ್ ಪ್ರಾಣಿಯ ರೋಮಕ್ಕೆ ಬದಲು ಅಂಗೋರಾ ಮೇಕೆಯ ರೋಮವನ್ನೂ ಕೃತಕ ಎಳೆಗಳನ್ನೂ ಬಳಸಿದರು. ಮೀನುಗಳೇನೂ ದೂರು ಹೇಳಲಿಲ್ಲ!

ಹಾಗಾದರೆ ವಿಶೇಷವಾದ ಕೂದಲೆಲ್ಲಿ? ಮನೆಯ ನಾಯಿಯ ಬಾಚಣಿಗೆಯಲ್ಲಿದೆ. ಅನೇಕ ತಳಿಯ ನಾಯಿಗಳಿಗೆ ಹೊರಗೆ ಒರಟು ಕೂದಲು, ಒಳಗೆ ಮೃದುವಾದ ತುಪ್ಪುಳು. ತಾನಾಗಿ ಉದುರಿದ ಇದಕ್ಕಾಗಿ ಯಾವ ಜೀವವೂ ಸಾಯಬೇಕಾಗಿಲ್ಲ. ಸಾಬೂನಿನಲ್ಲಿ ತೊಳೆದು, ಒಣಗಿಸಿ, ಮೇಣ ಸವರಿದ ದಾರಕ್ಕೆ ಹೊಸೆದರೆ ನೊಣದ ಒಡಲು ಸಿದ್ಧ. ನಾಯಿ, ಬೆಕ್ಕು, ಮೇಕೆ, ಎಮ್ಮೆಗಳ ಒಂದೊಂದು ಕೂದಲನ್ನು ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ನೀರಿನ ಬಟ್ಟಲಿನಲ್ಲಿ ಹಾಕಿ, ತೇಲುವುದಾವುದು, ಮುಳುಗುವುದಾವುದು ಎಂದು ಬರೆದಿಡಿ. ಗಾಳ ಹಿಡಿಯದವರೂ ಈ ವಿನಿಮಯವನ್ನು ನಡೆಸಬಹುದು.

ಚೀಟಿಯನ್ನು ಮಾತ್ರ ಮರೆಯಬಾರದು. ಯಾವ ಪ್ರಾಣಿ, ಯಾವ ಊರು, ಹೇಗೆ ದೊರೆಯಿತು ಎಂಬುದನ್ನು ಸಂಕೋಚವಿಲ್ಲದೆ ಬರೆಯಲಾಗುವ ಕೂದಲನ್ನಷ್ಟೇ ಕಟ್ಟೋಣ.