ನೆರೆಯವರ ಟೂರ್ನಿಯಲ್ಲಿ ನೆಂಟರ ಪಾರುಪತ್ಯ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2023ರ ಜುಲೈ 4ರ ರಾತ್ರಿ ಭಾರತ ಫುಟ್‌ಬಾಲ್ ತಂಡ ಒಂಬತ್ತನೇ ಬಾರಿಗೆ ಸ್ಯಾಫ್ ಚಾಂಪಿಯನ್‌ಷಿಪ್ ಗೆದ್ದಿತು. ನಿಗದಿತ ಹಾಗೂ ಹೆಚ್ಚುವರಿ ಅವಧಿಯಲ್ಲಿ 1–1, ಪೆನಾಲ್ಟಿಯಲ್ಲಿ 5–4. ಕೊನೆಯ ಒದೆತವನ್ನು ಗುರುಪ್ರೀತ್ ಸಿಂಗ್ ಸಂಧು ತಡೆದಾಗ ಕಂಠೀರವದಲ್ಲಿ ಎದ್ದ ಗದ್ದಲ ಕ್ರಿಕೆಟ್ ಪಂದ್ಯಕ್ಕೂ ಕಡಿಮೆ ಇರಲಿಲ್ಲ. ಆ ಸಂಭ್ರಮದಲ್ಲಿ ಒಂದು ವಿಚಾರವನ್ನು ಹೆಚ್ಚಿನವರು ಗಮನಿಸಲಿಲ್ಲ. ಅದು ದಕ್ಷಿಣ ಏಷ್ಯಾದ ದೇಶಗಳ ಟೂರ್ನಿ. ಆದರೆ ಫೈನಲ್‌ನಲ್ಲಿ ಭಾರತಕ್ಕೆ ಎದುರಾಗಿದ್ದು ಕುವೈತ್, ಸೆಮಿಫೈನಲ್‌ನಲ್ಲಿ ಎದುರಾಗಿದ್ದು ಲೆಬನಾನ್.

ಎರಡೂ ಆಹ್ವಾನಿತ ತಂಡಗಳು. ಆಡಿದ್ದು ಎಂಟು ತಂಡ, ಅದರಲ್ಲಿ ನೆರೆಯವರು ಆರು. ಅಫ್ಗಾನಿಸ್ತಾನ ಮಧ್ಯ ಏಷ್ಯಾದ ಒಕ್ಕೂಟ ಸೇರಿ ಆಗಲೇ ಹಲವು ವರ್ಷವಾಗಿತ್ತು. ಶ್ರೀಲಂಕಾದ ಫೆಡರೇಷನ್ ಮೇಲೆ ಫಿಫಾ ನಿಷೇಧವಿತ್ತು. ಖಾಲಿ ಬಿದ್ದ ಜಾಗ ತುಂಬಲು ಹೊರಗಿನವರನ್ನು ಕರೆಯಲಾಯಿತು. ಕರೆದವರು ಬಂದು ನಾಲ್ಕು ಸೆಮಿಫೈನಲ್ ಸ್ಥಾನಗಳಲ್ಲಿ ಎರಡನ್ನು ಹಿಡಿದರು. ‘ಎ’ ಗುಂಪಿನಲ್ಲಿ ಭಾರತ ಮತ್ತು ಕುವೈತ್ ಮುಂದಕ್ಕೆ ಹೋದವು, ಪಾಕಿಸ್ತಾನವನ್ನು ಸೋಲಿಸಿದ್ದ ನೇಪಾಳ ಮೂರನೆಯದಾಗಿ ಮನೆಗೆ ಹೋಯಿತು. ‘ಬಿ’ ಗುಂಪಿನಲ್ಲಿ ಲೆಬನಾನ್ ಮತ್ತು ಬಾಂಗ್ಲಾದೇಶ ಮುಂದಕ್ಕೆ, ಭೂತಾನ್ ವಿರುದ್ಧ ಗೆದ್ದಿದ್ದ ಮಾಲ್ದೀವ್ಸ್ ಮನೆಗೆ. ನೆಂಟರು ಬಾರದೇ ಇದ್ದಿದ್ದರೆ ಈ ಎರಡೂ ದೇಶಗಳು ಸೆಮಿಫೈನಲ್ ಆಡುತ್ತಿದ್ದವು. ಇದೇ ನೇಪಾಳ 2021ರಲ್ಲಿ ಮಾಲೆಯಲ್ಲಿ ಮೊದಲ ಬಾರಿಗೆ ಫೈನಲ್ ತಲುಪಿತ್ತು. ಇದೇ ಮಾಲ್ದೀವ್ಸ್ 2018ರಲ್ಲಿ ಢಾಕಾದಲ್ಲಿ ಭಾರತವನ್ನು 2–1ರಿಂದ ಸೋಲಿಸಿ ಕಪ್ ಒಯ್ದಿತ್ತು. ನೆಂಟರು ಉಂಡೂ ಹೋದರು, ಕೊಂಡೂ ಹೋದರು ಎನ್ನುವಂತಾಗಲಿಲ್ಲ, ನಿಜ. ಕಪ್ ಇಲ್ಲೇ ಉಳಿಯಿತು. ಹೋಗಿದ್ದು ಸಣ್ಣವರ ಪಾಲಿನ ಊಟ.

ಅತಿಥಿಗಳನ್ನು ಕರೆದಿದ್ದಕ್ಕೆ ಸಮರ್ಥನೆಯೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ಏಷ್ಯನ್ ಕಪ್ ಇತ್ತು. ಅದಕ್ಕೆ ಮೊದಲು ಭಾರತಕ್ಕೆ ಗಟ್ಟಿ ಎದುರಾಳಿಗಳು ಬೇಕಿದ್ದರು. ಭೂತಾನ್, ಮಾಲ್ದೀವ್ಸ್ ಜೊತೆ ಆಡಿ ಆಸ್ಟ್ರೇಲಿಯಾವನ್ನು ಎದುರಿಸಲಾಗದು ಎಂಬ ಮಾತಿನಲ್ಲಿ ಹುರುಳಿದೆ. ಲೆಬನಾನ್ ವಿರುದ್ಧ 120 ನಿಮಿಷ ಗೋಲಿಲ್ಲದೆ ಕಾದಾಡಿದ ಪಂದ್ಯ, ಕುವೈತ್ ವಿರುದ್ಧದ ಫೈನಲ್ ಎರಡೂ ಆ ಟೂರ್ನಿಯ ಒಳ್ಳೆಯ ಪಂದ್ಯಗಳು. ಜುಲೈನಲ್ಲಿ ಭಾರತ ಫಿಫಾ ರ್‍ಯಾಂಕಿಂಗ್‌ನಲ್ಲಿ 99ಕ್ಕೆ ಏರಿತು.

ಏಳೇ ತಿಂಗಳಲ್ಲಿ ಲೆಕ್ಕ ತಲೆಕೆಳಗಾಯಿತು. ಏಷ್ಯನ್ ಕಪ್‌ನಲ್ಲಿ ಭಾರತ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂವರಿಗೂ ಸೋತಿತು. ಒಂದೇ ಒಂದು ಗೋಲು ಬರಲಿಲ್ಲ. ಫೆಬ್ರುವರಿಯಲ್ಲಿ ರ್‍ಯಾಂಕಿಂಗ್ 117ಕ್ಕೆ ಇಳಿಯಿತು. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ಎದುರು ಸೋಲು. ಜೂನ್‌ನಲ್ಲಿ ಕೋಚ್ ಇಗೊರ್ ಸ್ಟಿಮಾಚ್ ಅವರನ್ನು ಕೈಬಿಡಲಾಯಿತು. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶವೂ 1–0ರಿಂದ ಸೋಲಿಸಿತು; ಆ ನೆರೆಯವರ ಎದುರು ಭಾರತಕ್ಕೆ 22 ವರ್ಷಗಳಲ್ಲಿ ಅದು ಮೊದಲ ಸೋಲು. ನೆರೆಯವರನ್ನು ಅಭ್ಯಾಸದ ಗೋಡೆಯಂತೆ ಬಳಸಿ ಮೇಲೆ ಹೋಗುವ ಲೆಕ್ಕಾಚಾರದಿಂದ ಭಾರತವಾದರೂ ಏನು ಗಳಿಸಿತು ಎಂದು ಕೇಳಲೇಬೇಕಾಗುತ್ತದೆ.

ಈ ತಾತ್ಸಾರ ಹೊಸದಲ್ಲ. 1993ರಲ್ಲಿ ಲಾಹೋರ್‌ನಲ್ಲಿ ಸಾರ್ಕ್ ಗೋಲ್ಡ್ ಕಪ್ ಹೆಸರಿನಲ್ಲಿ ಶುರುವಾದ ಟೂರ್ನಿ ಇದು. ಭಾರತ 2009ರಲ್ಲೂ 2018ರಲ್ಲೂ ಇದಕ್ಕೆ ಕಳಿಸಿದ್ದು 23 ವರ್ಷದೊಳಗಿನ ತಂಡವನ್ನು. ಒಮ್ಮೆ ಗೆದ್ದಿತು, ಒಮ್ಮೆ ಫೈನಲ್‌ನಲ್ಲಿ ಸೋತಿತು. ದೊಡ್ಡ ದೇಶ ತನ್ನ ಎರಡನೇ ದರ್ಜೆಯ ತಂಡವನ್ನು ಕಳಿಸಿದರೆ ಟೂರ್ನಿಯೂ ಎರಡನೇ ದರ್ಜೆಯದೇ ಆಗುತ್ತದೆ. ಆಮೇಲೆ ‘ಸ್ಯಾಫ್‌ನಲ್ಲಿ ಗುಣಮಟ್ಟವಿಲ್ಲ’ ಎಂದು ದೂರುವುದೂ ನಾವೇ. ಕುವೈತ್‌ನವರನ್ನೇ ನೋಡಿ. ಅವರಿಗೂ ನೆರೆಹೊರೆಯ ಟೂರ್ನಿಯೊಂದಿದೆ, 1970ರಿಂದ ನಡೆಯುತ್ತಿರುವ ಗಲ್ಫ್ ಕಪ್. ಕುವೈತ್ ಅದನ್ನು ಹತ್ತು ಬಾರಿ ಗೆದ್ದಿದೆ. ಅಲ್ಲಿ ಆ ಕಪ್‌ಗೆ ಇರುವ ಮರ್ಯಾದೆ ನಮ್ಮಲ್ಲಿ ಸ್ಯಾಫ್‌ಗೆ ಎಂದೂ ಸಿಕ್ಕಿಲ್ಲ.

ಇನ್ನು ಆಫ್ರಿಕಾ. ಪೂರ್ವ ಮತ್ತು ಮಧ್ಯ ಆಫ್ರಿಕಾದ ಸೆಕಾಫಾ ಕಪ್‌ನ ಬೇರು 1926ರಲ್ಲಿದೆ. ಸಾಬೂನು ತಯಾರಕ ಗಾಸೇಜ್ ಹೆಸರಿನ ಕಪ್‌ಗಾಗಿ ಆಗ ಆಡಿದವರು ಕೆನ್ಯಾ ಮತ್ತು ಉಗಾಂಡ ಇಬ್ಬರೇ. ಆಮೇಲೆ ಟಾಂಗನಿಕಾ ಬಂತು, ಜಾಂಜಿಬಾರ್ ಬಂತು. ಜಾಂಜಿಬಾರ್ ಇಂದು ತಾಂಜಾನಿಯಾದ ಭಾಗ, ಫಿಫಾ ಸದಸ್ಯತ್ವವೂ ಅದಕ್ಕಿಲ್ಲ. ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಅದು ಹೆಸರನ್ನೂ ಕೊಡುವಂತಿಲ್ಲ. ಆದರೆ ನೆರೆಯವರ ಟೂರ್ನಿಯಲ್ಲಿ ಅದು ತನ್ನದೇ ಅಂಗಿ ತೊಟ್ಟು ಆಡುತ್ತದೆ, 1995ರಲ್ಲಿ ಸೆಕಾಫಾ ಕಪ್ಪನ್ನೇ ಗೆದ್ದಿತು. ಇಂಥ ಟೂರ್ನಿ ಯಾತಕ್ಕೆ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ದಕ್ಷಿಣದ ಕೊಸಾಫಾ ಕಪ್ (1997ರಿಂದ) ಕೂಡ ನಮ್ಮ ಹಾಗೇ ಅತಿಥಿಗಳನ್ನು ಕರೆಯುತ್ತದೆ. 2021ರಲ್ಲಿ ಪಶ್ಚಿಮ ಆಫ್ರಿಕಾದ ಸೆನೆಗಲ್ ಬಂದು ಫೈನಲ್‌ವರೆಗೂ ಹೋಯಿತು, ಪೆನಾಲ್ಟಿಯಲ್ಲಿ ದಕ್ಷಿಣ ಆಫ್ರಿಕಾಕ್ಕೆ ಸೋತಿತು. ಬೆಂಗಳೂರಿನಲ್ಲಿ ಆಗಿದ್ದೂ ಹೆಚ್ಚುಕಡಿಮೆ ಅದೇ ಕಥೆ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದ ಕಡೆ ಹಳ್ಳಿಯ ಆಟ ನೋಡಿ ಬೆಳೆದವರಿಗೆ ಈ ಕಥೆಯಲ್ಲಿ ಹೊಸದೇನೂ ಕಾಣದು. ಸುಗ್ಗಿ ಮುಗಿದು ಗದ್ದೆ ಬಯಲು ಬರಿದಾದ ಮೇಲೆ ಇಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಶುರು. ಊರಿಗೂ ಊರಿಗೂ ನಡೆಯಬೇಕಾದ ಪಂದ್ಯಕ್ಕೆ ಬಹುಮಾನದ ಮೊತ್ತ ಏರಿದಂತೆ ಎಲ್ಲಿಂದಲೋ ಬಾಡಿಗೆ ಆಟಗಾರರು ಬಂದಿಳಿಯುತ್ತಾರೆ. ಆಟ ಭರ್ಜರಿಯಾಗಿಯೇ ಇರುತ್ತದೆ, ಜನವೂ ಸೇರುತ್ತಾರೆ. ವರ್ಷವಿಡೀ ಅಭ್ಯಾಸ ಮಾಡಿದ ಊರ ಹುಡುಗರು ಹಗ್ಗದಾಚೆ ನಿಂತು ಚಪ್ಪಾಳೆ ಹೊಡೆಯುತ್ತಾರೆ. ಇದರಿಂದ ಬೇಸತ್ತು ಕೆಲವು ಕಡೆ ಸಂಘಟಕರು ‘ಸ್ಥಳೀಯ ಆಟಗಾರರಿಗೆ ಮಾತ್ರ, ಆಧಾರ್ ಕಾರ್ಡ್ ಕಡ್ಡಾಯ’ ಎಂದು ಕರಪತ್ರದಲ್ಲೇ ಅಚ್ಚು ಹಾಕಿಸುತ್ತಾರೆ. ಹಳ್ಳಿಯ ಯುವಕ ಸಂಘಕ್ಕೆ ಹೊಳೆದ ಈ ನಿಯಮ ದಕ್ಷಿಣ ಏಷ್ಯಾದ ಫುಟ್‌ಬಾಲ್ ಒಕ್ಕೂಟಕ್ಕೆ ಹೊಳೆಯಲಿಲ್ಲ.

ಪೈಪೋಟಿ ಈ ಎರಡು ತಾಲ್ಲೂಕುಗಳಿಗೆ ಹೊಸದಲ್ಲ. ಪಕ್ಕಪಕ್ಕದ ಈ ಎರಡು ಕ್ಷೇತ್ರಗಳು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ: ಸೊರಬದ ಎಸ್‌. ಬಂಗಾರಪ್ಪ, ಶಿಕಾರಿಪುರದ ಬಿ.ಎಸ್‌. ಯಡಿಯೂರಪ್ಪ. 2008ರ ಚುನಾವಣೆಯಲ್ಲಿ ಬಂಗಾರಪ್ಪ ಶಿಕಾರಿಪುರಕ್ಕೇ ಬಂದು ಯಡಿಯೂರಪ್ಪ ವಿರುದ್ಧ ನಿಂತು ಸೋತರು. ಹೋರಿ ಹಬ್ಬದಲ್ಲಂತೂ ತಾಲ್ಲೂಕಿನ ಗಡಿ ಎಂಬುದೇ ಇಲ್ಲ. ಹಿರೇಕೆರೂರು, ಹಾನಗಲ್ ಕಡೆಯ ಹೋರಿಗಳ ಹೆಸರು ಇಲ್ಲಿನ ಹುಡುಗರ ಬಾಯಲ್ಲಿರುತ್ತದೆ. ಇಷ್ಟೆಲ್ಲ ಹುರುಪು ಇರುವ ಸೀಮೆಯಲ್ಲಿ ಫುಟ್‌ಬಾಲ್ ಮಾತ್ರ ಟಿ.ವಿ.ಯೊಳಗಿನ, ಮೊಬೈಲ್‌ನೊಳಗಿನ ಆಟವಾಗಿ ಉಳಿದಿದೆ. ಮೆಸ್ಸಿಯ ಅಂಗಿ ತೊಟ್ಟ ಹುಡುಗರು ಕಾಣುತ್ತಾರೆ, ಗೋಲು ಕಂಬ ಕಾಣುವುದು ಅಪರೂಪ.

ಜನಸಂಖ್ಯೆ ಸಾಲದು ಎನ್ನುವಂತಿಲ್ಲ. 2011ರ ಜನಗಣತಿಯಂತೆ ಶಿಕಾರಿಪುರ, ಸೊರಬ ಎರಡೂ ಸೇರಿ ಸುಮಾರು 4 ಲಕ್ಷ ಜನ. ವಲಸೆ ಕಾರ್ಮಿಕರನ್ನು ಬಿಟ್ಟು ಲೆಕ್ಕ ಹಾಕಿದರೆ ಮಾಲ್ದೀವ್ಸ್‌ನ ನಾಗರಿಕರ ಸಂಖ್ಯೆಯೂ ಅಷ್ಟೇ. ಚದುರಿಹೋದ ಸಣ್ಣ ಸಣ್ಣ ದ್ವೀಪಗಳ, ಆಟದ ಬಯಲಿಗೇ ನೆಲವಿಲ್ಲದ ಆ ದೇಶ ಎರಡು ಬಾರಿ ದಕ್ಷಿಣ ಏಷ್ಯಾದ ಚಾಂಪಿಯನ್ ಆಗಿದೆ. ಅಷ್ಟು ದೂರ ಹೋಗುವುದೂ ಬೇಡ. ಅದೇ ಜನಗಣತಿಯಲ್ಲಿ ಮಿಜೋರಾಂ ರಾಜ್ಯದ ಜನಸಂಖ್ಯೆ ಸುಮಾರು 11 ಲಕ್ಷ, ಶಿವಮೊಗ್ಗ ಜಿಲ್ಲೆಯದು 17 ಲಕ್ಷಕ್ಕೂ ಹೆಚ್ಚು. ಕಂಠೀರವದ ಫೈನಲ್‌ನಲ್ಲಿ ಭಾರತದ ಸಮಬಲದ ಗೋಲು ಹೊಡೆದ ಲಾಲಿಯನ್‌ಜುವಾಲಾ ಛಾಂಗ್ಟೆ ಮಿಜೋರಾಂನವರು. ಗುಡ್ಡಗಾಡಿನ ಆ ರಾಜ್ಯ 2012ರಲ್ಲಿ ತನ್ನದೇ ಲೀಗ್ ಕಟ್ಟಿಕೊಂಡು 2014ರಲ್ಲಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಮಣಿಪುರದವರಂತೂ ಭಾರತ ತಂಡದ ಬೆನ್ನೆಲುಬಾಗಿದ್ದರು. ಜನಾಂಗೀಯ ಹಿಂಸೆಯಲ್ಲಿ ತವರು ಹೊತ್ತಿ ಉರಿಯುತ್ತಿದ್ದ ಆ ದಿನಗಳಲ್ಲಿ ಜೀಕ್ಸನ್ ಸಿಂಗ್ ಗೆಲುವಿನ ಬಳಿಕ ಏಳು ಬಣ್ಣದ ಮೈತೇಯಿ ಬಾವುಟ ಹೊದ್ದು ನಿಂತು ವಿವಾದಕ್ಕೆ ಒಳಗಾದರು. ಕ್ರೀಡಾಂಗಣಕ್ಕೆ ರಾಜಕೀಯ ತರಬಾರದು ಎಂದವರು ಬಹಳ. ನೆರೆಹೊರೆಯ ಟೂರ್ನಿ ಎಂದಮೇಲೆ ಮನೆಯ ಸಂಕಟವನ್ನು ಬಾಗಿಲಲ್ಲೇ ಕಳಚಿ ಒಳಗೆ ಬರಲು ಆಗುವುದಿಲ್ಲ.

ಕರ್ನಾಟಕವೂ ಅದೇ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತ್ತು. ಅದಕ್ಕೂ ಹಿಂದಿನ ಗೆಲುವುಗಳೆಲ್ಲ ಮೈಸೂರು ರಾಜ್ಯದ ಹೆಸರಿನವು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್, ಅದೇ ತಂಡದ ಅಹ್ಮದ್ ಖಾನ್ ಇಬ್ಬರೂ ಬೆಂಗಳೂರಿನವರು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಗಲ್ಲಿಗಳು ಆಟಗಾರರನ್ನು ಹೆತ್ತವು. ರಾಜ್ಯದ ಫುಟ್‌ಬಾಲ್ ಮುಕ್ಕಾಲು ಪಾಲು ಇಂದಿಗೂ ರಾಜಧಾನಿಯ ಸುತ್ತಲೇ ಇದೆ. 300 ಕಿ.ಮೀ.ಗೂ ಹೆಚ್ಚು ದೂರದ ಶಿಕಾರಿಪುರಕ್ಕೆ ಕಂಠೀರವದ ಕೂಗು ಕೇಳಲಿಲ್ಲ.

ವೀಸಾ ವಿಚಾರವನ್ನೂ ಹೇಳಲೇಬೇಕು. 2023ರ ಆ ಸ್ಯಾಫ್ ಟೂರ್ನಿಯಲ್ಲಿ ಜೂನ್ 21ರಂದು ಭಾರತ–ಪಾಕಿಸ್ತಾನ ಪಂದ್ಯ. ಮಾರಿಷಸ್‌ನಲ್ಲಿ ಆಡುತ್ತಿದ್ದ ಪಾಕಿಸ್ತಾನ ತಂಡಕ್ಕೆ ವೀಸಾ ತಡವಾಗಿ, ಆಟಗಾರರು ಬೆಂಗಳೂರು ತಲುಪಿದ್ದು ಪಂದ್ಯದ ದಿನವೇ. ಸಂಜೆ ಮಳೆಯಲ್ಲಿ ಆಡಿ 0–4ರಿಂದ ಸೋತರು. ಸುನಿಲ್ ಚೆಟ್ರಿ ಹ್ಯಾಟ್ರಿಕ್ ಹೊಡೆದರು. ಬೆಂಗಳೂರಿನ ಕ್ಲಬ್‌ನ ಆಟಗಾರನಿಗೆ ಬೆಂಗಳೂರಿನ ಜನರ ಮುಂದೆ ಅದಕ್ಕಿಂತ ದೊಡ್ಡ ಸಂಜೆ ಯಾವುದಿದ್ದೀತು? ಆದರೂ ನಿದ್ದೆಗೆಟ್ಟು ಬಂದವರನ್ನು ಸೋಲಿಸಿದ ಗೆಲುವಿಗೆ ಎಷ್ಟು ತೂಕ ಎಂಬ ಪ್ರಶ್ನೆ ಉಳಿಯುತ್ತದೆ. ಕುವೈತ್, ಲೆಬನಾನ್‌ನವರು ಸಕಾಲಕ್ಕೆ ಬಂದು ಆಡಬಹುದಾದರೆ, ಪಕ್ಕದ ಮನೆಯವರೂ ಹಾಗೇ ಬರುವಂತಾಗಬೇಕು. ಸರ್ಕಾರಗಳ ಜಗಳ ಏನೇ ಇರಲಿ, ಆತಿಥ್ಯ ವಹಿಸುವ ಒಪ್ಪಂದಕ್ಕೆ ಸಹಿ ಹಾಕುವಾಗಲೇ ಎಲ್ಲ ತಂಡಗಳ ವೀಸಾಕ್ಕೂ ದಿನಾಂಕ ಗೊತ್ತುಪಡಿಸಬೇಕು. ಅದಾಗದು ಎಂದಾದರೆ ಆತಿಥ್ಯ ಕೇಳಬಾರದು.

2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಭಾರತವೇ ಅತಿಥಿಯಾಗಿ ತಜಕಿಸ್ತಾನಕ್ಕೆ ಹೋಗಿ ಮಧ್ಯ ಏಷ್ಯಾದವರ ಟೂರ್ನಿ ಆಡಿತು. ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ಪಡೆಯಿತು. ದೊಡ್ಡವರ ಜೊತೆ ಪೈಪೋಟಿ ಬೇಕೆಂದರೆ ಹೀಗೆ ನಾವೇ ಅವರಲ್ಲಿಗೆ ಹೋಗುವುದು ಸರಿಯಾದ ದಾರಿ. ಸ್ಯಾಫ್ ಕಪ್ಪನ್ನು ನೆರೆಯವರಿಗೇ ಬಿಡಲಿ. ತಂಡ ಆರೇ ಆದರೂ ಸರಿ, ಎಲ್ಲರೂ ಎಲ್ಲರ ವಿರುದ್ಧ ಆಡಲಿ. ಆಗ ಭೂತಾನ್‌ನಂಥ ತಂಡಕ್ಕೆ ಮೂರು ಪಂದ್ಯದ ಬದಲು ಐದು ಸಿಗುತ್ತವೆ. ಭಾರತ ಪ್ರತಿ ಸಲವೂ ತನ್ನ ಪೂರ್ಣ ತಂಡವನ್ನೇ ಕಳಿಸಲಿ.

ರಾಜ್ಯದೊಳಗಿನ ಕೆಲಸ ಇನ್ನೂ ಸುಲಭ. 2023ರಲ್ಲಿ ಶಾಲಾ ಶಿಕ್ಷಣ ಖಾತೆ ವಹಿಸಿಕೊಂಡ ಮಧು ಬಂಗಾರಪ್ಪ ಸೊರಬದ ಶಾಸಕರು. ಹೋಬಳಿ ಮಟ್ಟದ ಕ್ರೀಡಾಕೂಟ ಎಂದರೆ ಈಗಲೂ ಹೆಚ್ಚಾಗಿ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಥ್ರೋಬಾಲ್. ಅದಕ್ಕೆ ಫುಟ್‌ಬಾಲ್ ಸೇರಿಸಲು ಕ್ರೀಡಾಂಗಣ ಕಟ್ಟಬೇಕಿಲ್ಲ. ಎರಡು ಜೊತೆ ಗೋಲು ಕಂಬ, ಒಂದಷ್ಟು ಚೆಂಡು, ಆಟದ ನಿಯಮ ಬಲ್ಲ ಒಬ್ಬ ಪಿ.ಟಿ. ಮೇಷ್ಟ್ರು ಸಾಕು. ಶಿಕಾರಿಪುರ ಮತ್ತು ಸೊರಬದ ಪ್ರೌಢಶಾಲೆಗಳ ನಡುವೆ ವರ್ಷಕ್ಕೊಂದು ಟೂರ್ನಿ, ಮಳೆಗಾಲ ಕಳೆದ ಮೇಲೆ, ಒಂದು ವರ್ಷ ಅಲ್ಲಿ, ಮರುವರ್ಷ ಇಲ್ಲಿ. ಬಾಲಕಿಯರಿಗೂ ಅಷ್ಟೇ ಪಂದ್ಯ ಇರಲಿ. ಹೊರಗಿನವರಿಗೆ ಪ್ರವೇಶ ಬೇಡ. ಸಚಿವರು ಈ ಶೈಕ್ಷಣಿಕ ವರ್ಷದಲ್ಲೇ ಇದಕ್ಕೊಂದು ಸುತ್ತೋಲೆ ಹೊರಡಿಸಲಿ, ಶಿಕಾರಿಪುರದ ಶಾಸಕರು ಪಕ್ಷ ನೋಡದೆ ಕೈಜೋಡಿಸಲಿ.