ಮರೆವಿನ ಮನೆಗಳೂ ನಮ್ಮ ಕನ್ನಡ ಸಂಘಗಳೂ

'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯನ್ನು ನಾವು ಇನ್ನಾದರೂ ಕೈಬಿಡಬೇಕು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ನಂಬಿದವರು ನಾವು. ಆದರೆ ಈ ಒಂದು ಗಾದೆ ಮಾಡಿರುವ ಹಾನಿ ಅಷ್ಟಿಷ್ಟಲ್ಲ. ಮನೆಯ ಹಿರಿಯರು ಹೆಸರು ಮರೆತರೆ, ಪರಿಚಿತ ಬೀದಿಯಲ್ಲೇ ದಾರಿ ತಪ್ಪಿದರೆ, ಸೊಸೆಯೇ ಬಳೆ ಕದ್ದಳೆಂದು ಕೂಗಾಡಿದರೆ, 'ವಯಸ್ಸಾಯಿತು, ಇನ್ನೇನು' ಎಂದು ಗಾದೆ ತೀರ್ಪು ಕೊಟ್ಟುಬಿಡುತ್ತದೆ. ತೀರ್ಪು ಬಂದ ಮೇಲೆ ವೈದ್ಯರ ಬಳಿಗೆ ಹೋಗುವವರು ಯಾರು? ನೆರವು ಕೇಳುವವರು ಯಾರು? ಥೈರಾಯ್ಡ್ ದೋಷದಿಂದಲೋ ಬಿ12 ಕೊರತೆಯಿಂದಲೋ ಬಂದ, ಔಷಧಕ್ಕೆ ಬಗ್ಗಬಹುದಾದ ಮರೆವು ಕೂಡ ಈ ತೀರ್ಪಿನಡಿ ಮುಚ್ಚಿಹೋಗುತ್ತದೆ.

ಡಿಮೆನ್ಷಿಯಾ ವಯೋಧರ್ಮವಲ್ಲ, ಮಿದುಳಿನ ಕಾಯಿಲೆ. ಅದರ ಮುಖ್ಯ ರೂಪವೊಂದನ್ನು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ 1906ರಲ್ಲೇ ವಿವರಿಸಿದ್ದರು. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇಕಡಾ 7.4ರಷ್ಟು ಜನ, ಎಂದರೆ ಸುಮಾರು 88 ಲಕ್ಷ ಮಂದಿ, ಇದಕ್ಕೆ ಒಳಗಾಗಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜು. ಹದಿಮೂರು-ಹದಿನಾಲ್ಕು ಹಿರಿಯರಲ್ಲಿ ಒಬ್ಬರು. ನಮ್ಮ ಕಾರ್ಯಕ್ರಮಗಳಲ್ಲಿ ಮುಂದಿನ ಎರಡು ಸಾಲುಗಳಲ್ಲಿ ಕೂರುವ ಹಿರಿಯರನ್ನು ಒಮ್ಮೆ ಎಣಿಸಿ. ಹಿಂದೆ ತಪ್ಪದೆ ಬರುತ್ತಿದ್ದು ಈಗ ಎರಡು ವರ್ಷಗಳಿಂದ ಕಾಣದವರನ್ನೂ ನೆನಪಿಸಿಕೊಳ್ಳಿ. ಅವರ ಜೊತೆಗೆ ಅವರನ್ನು ನೋಡಿಕೊಳ್ಳುವ ಮಡದಿ, ಮಗಳು, ಸೊಸೆ ಕೂಡ ನಮ್ಮ ನಡುವಿನಿಂದ ಮಾಯವಾಗಿದ್ದಾರೆ. ಅವರು ಏಕೆ ಬರುತ್ತಿಲ್ಲವೆಂದು ನಾವು ಕೇಳಲಿಲ್ಲ.

ಇದು ಸರ್ಕಾರದ ಹೊಣೆಯಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಹೊಣೆಯೇ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ದುಡಿಯುವ ನನಗೆ ಆ ಹೊಣೆ ಎಲ್ಲಿಗೆ ನಿಲ್ಲುತ್ತದೆಂಬುದೂ ಗೊತ್ತು. ಮಹಿಳಾ ನೌಕರರಿಗೂ ಒಂಟಿಯಾಗಿ ಮಕ್ಕಳನ್ನು ಸಾಕುವ ಪುರುಷ ನೌಕರರಿಗೂ ಸೇವಾವಧಿಯಲ್ಲಿ ಒಟ್ಟು 730 ದಿನಗಳ ಶಿಶುಪಾಲನಾ ರಜೆಯಿದೆ, ಇರಬೇಕಾದದ್ದೇ. ಹೆತ್ತವರ ಆರೈಕೆಗೆಂದೇ ಮೀಸಲಾದ ರಜೆ ಇಲ್ಲ. 2025ರಲ್ಲಿ ರಾಜ್ಯಸಭೆಯಲ್ಲಿ ಈ ಪ್ರಶ್ನೆ ಬಂದಾಗ ದೊರೆತ ಉತ್ತರವಿಷ್ಟು: ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧವೇತನ ರಜೆ, 8 ದಿನ ಸಾಂದರ್ಭಿಕ ರಜೆ, 2 ದಿನ ನಿರ್ಬಂಧಿತ ರಜೆ ಇವೆ, ವೃದ್ಧ ತಂದೆತಾಯಿಯರ ಆರೈಕೆಯೂ ಸೇರಿದಂತೆ ಸ್ವಂತ ಕಾರಣಗಳಿಗೆ ಇವನ್ನು ಬಳಸಿಕೊಳ್ಳಬಹುದು. ಮಗಳ ಮದುವೆಗೂ ಊರಿನ ಜಾತ್ರೆಗೂ ತಾಯಿಯ ಕಾಯಿಲೆಗೂ ಗಂಟು ಒಂದೇ. ಎಂಟು ಹತ್ತು ವರ್ಷ ಎಳೆಯಬಹುದಾದ ಕಾಯಿಲೆಗೆ ಆ ಗಂಟು ಯಾವ ಮೂಲೆಗೆ? 2007ರ ಕಾಯಿದೆ ಮಕ್ಕಳು ಹೆತ್ತವರನ್ನು ಪೋಷಿಸಬೇಕೆಂದು ವಿಧಿಸುತ್ತದೆ. ಪೋಷಿಸುವವರು ಒಂದು ರಾತ್ರಿ ನಿದ್ದೆ ಮಾಡುವುದು ಹೇಗೆಂಬ ಪ್ರಶ್ನೆ ಅದರ ವ್ಯಾಪ್ತಿಗೆ ಬರುವುದಿಲ್ಲ.

ಹಾಗಾದರೆ ಕುಟುಂಬವೇ ಗತಿ ಎನ್ನುತ್ತಾರೆ ಸಂಪ್ರದಾಯವಾದಿಗಳು. 'ನಮ್ಮದು ಅವಿಭಕ್ತ ಕುಟುಂಬದ ಸಂಸ್ಕೃತಿ, ಪಾಶ್ಚಾತ್ಯರ ಹಾಗಲ್ಲ' ಎಂದು ಭಾಷಣ ಬಿಗಿಯುವವರ ಮನೆಯಲ್ಲಿ ಸ್ನಾನ ಮಾಡಿಸುವ, ಬಟ್ಟೆ ಬದಲಿಸುವ, ರಾತ್ರಿ ಮೂರು ಗಂಟೆಗೆ ಬಾಗಿಲ ಚಿಲಕ ಕಾಯುವ ಕೈ ಯಾರದೆಂದು ನೋಡಿ. ಅದು ಬಹುಮಟ್ಟಿಗೆ ಒಬ್ಬ ಹೆಂಗಸಿನದು. ಉಳಿದ ಮಕ್ಕಳು ಮಾಡುವುದು ಪಾಳಿಯ ಹಂಚಿಕೆ: ಮೂರು ತಿಂಗಳು ಪುಣೆ, ಮೂರು ತಿಂಗಳು ಚೆನ್ನೈ, ಮತ್ತೆ ಮೂರು ತಿಂಗಳು ಧಾರವಾಡ. ಶೇಕ್ಸ್‌ಪಿಯರನ ಲಿಯರ್ ರಾಜನೂ ತಿಂಗಳಿಗೊಬ್ಬ ಮಗಳ ಮನೆಯೆಂದೇ ಲೆಕ್ಕ ಹಾಕಿದ್ದ. ಆ ಲೆಕ್ಕ ಅವನನ್ನು ಬಿರುಗಾಳಿಯಲ್ಲಿ ಬಯಲಿಗೆ ತಂದು ನಿಲ್ಲಿಸಿತು. ಬಚ್ಚಲುಮನೆ ಯಾವ ಕಡೆಗಿದೆಯೆಂಬುದನ್ನು ಹಿಡಿದಿಟ್ಟುಕೊಳ್ಳಲು ಹೆಣಗುವ ಮನಸ್ಸಿಗೆ ಮೂರು ತಿಂಗಳಿಗೊಂದು ಹೊಸ ಮನೆ ಎಂದರೆ ನ್ಯಾಯವಾದ ಹಂಚಿಕೆಯಲ್ಲ, ಶಿಕ್ಷೆ. ಹಂಚಿಕೊಳ್ಳಬೇಕಾದದ್ದು ದುಡಿಮೆಯನ್ನು, ಹಣವನ್ನು, ನಿದ್ದೆಗೆಟ್ಟ ರಾತ್ರಿಗಳನ್ನು, ತಾಯಿಯನ್ನಲ್ಲ.

ಸರ್ಕಾರ ಕೊಡದ, ಒಂಟಿ ಕುಟುಂಬ ಕೊಡಲಾರದ ಆಸರೆಯನ್ನು ಇದೇ ಕಷ್ಟದಲ್ಲಿರುವ ಕುಟುಂಬಗಳು ಒಂದಕ್ಕೊಂದು ಕೊಡಬಲ್ಲವು. ಇದು ಬರಿಯ ಆಶಯವಲ್ಲ. ರೋಗಿಗಳನ್ನು ನೋಡಿಕೊಳ್ಳುವ 406 ಗಂಡ-ಹೆಂಡಂದಿರನ್ನು ಕುರಿತು ನ್ಯೂಯಾರ್ಕಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಪ್ತಸಲಹೆಯನ್ನೂ ಬೆಂಬಲ ಗುಂಪಿನ ಆಸರೆಯನ್ನೂ ಪಡೆದವರು ತಮ್ಮವರನ್ನು ಆರೈಕೆ ಗೃಹಕ್ಕೆ ಸೇರಿಸುವ ಸಂದರ್ಭ ಸುಮಾರು 557 ದಿನ ಮುಂದಕ್ಕೆ ಹೋಯಿತು. ಅಮೆರಿಕದ ಮಾತು ಬೇಡವೆಂದರೆ ಗೋವಾ ಇದೆ. ಅಲ್ಲಿ 81 ಕುಟುಂಬಗಳೊಡನೆ ನಡೆದ, 2008ರಲ್ಲಿ ವರದಿಯಾದ ಪ್ರಯೋಗದಲ್ಲಿ ಮನೆಮನೆಗೆ ಹೋದವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯ ಸಾಮಾನ್ಯರು. ಆರೈಕೆದಾರರ ಮಾನಸಿಕ ಆರೋಗ್ಯ ಸುಧಾರಿಸಿತು. ಕೇರಳದಲ್ಲಿ 1992ರಲ್ಲೇ ಇದಕ್ಕೆಂದು ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿ, ಬೇರೆ ಬೇರೆ ನಗರಗಳಿಗೆ ಹರಡಿದೆ.

ಆ ಸಂಸ್ಥೆಗಳಿಗೆ ಹೋದರಾಯಿತು, ಕನ್ನಡ ಸಂಘಕ್ಕೇನು ಕೆಲಸ ಎಂದು ಕೇಳಬಹುದು. ನನ್ನ ವಾದದ ತಿರುಳು ಇರುವುದೇ ಇಲ್ಲಿ. ಹೈದರಾಬಾದಿನಲ್ಲಿ 648 ರೋಗಿಗಳನ್ನು ಕುರಿತು ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ತಲೆದೋರಿದ್ದು ಕಂಡುಬಂತು. ಹೊರನಾಡಿನವರಾದ ನಮಗೆ ಇದು ಸಂತೋಷದ ಸುದ್ದಿ. ಆದರೆ ಕಾಯಿಲೆ ಬಂದ ಮೇಲೆ ಅನೇಕರಲ್ಲಿ ನಂತರ ಕಲಿತ ಭಾಷೆಗಳು ಮೊದಲು ಸಡಿಲವಾಗಿ, ತಾಯ್ನುಡಿ ಕೊನೆಯವರೆಗೆ ಉಳಿಯುತ್ತದೆ. ನನ್ನ ತಾಯಿ ಮೂವತ್ತು ವರ್ಷ ದೆಹಲಿಯ ಮಂಡಿಗಳಲ್ಲಿ ಹಿಂದಿಯಲ್ಲೇ ಚೌಕಾಶಿ ಮಾಡಿದವರು. ಈಗ 'ಪಾನಿ' ಎಂದರೆ ಮುಖ ನೋಡುತ್ತಾರೆ. 'ನೀರು ಬೇಕೇನಮ್ಮಾ' ಎಂದರೆ ಲೋಟಕ್ಕೆ ಕೈಚಾಚುತ್ತಾರೆ. ಹಗಲು ಜೊತೆಗಿರುವ ಹುಡುಗಿ ಜಾರ್ಖಂಡಿನವಳು, ಕರುಣೆಯುಳ್ಳವಳು. ಅವಳಿಗೆ ಕನ್ನಡ ಬಾರದು. ಒಂದು ಆಸ್ಪತ್ರೆಯಲ್ಲಿ ನೆನಪಿನ ಪರೀಕ್ಷೆಯನ್ನು ಹಿಂದಿಯಲ್ಲೇ ನಡೆಸಿ ಅಂಕ ಹಾಕಿದರು. ಅಲ್ಲಿ ಅಳೆದದ್ದು ನೆನಪನ್ನೋ, ಹಿಂದಿಯನ್ನೋ? ಮುಂಬಯಿಯಲ್ಲಿ ಮರಾಠಿ, ಚೆನ್ನೈಯಲ್ಲಿ ತಮಿಳು ಎಂದು ಬದಲಿಸಿದರೆ ಇದು ನಿಮ್ಮ ಮನೆಯ ಕತೆಯೂ ಆದೀತು. ವೈದ್ಯರು, ಔಷಧ, ಗಾಲಿಕುರ್ಚಿ ಎಲ್ಲವೂ ಈ ಮಹಾನಗರಗಳಲ್ಲಿ ದುಡ್ಡಿಗೆ ಸಿಗುತ್ತವೆ. ಸಿಗದಿರುವುದು ಕನ್ನಡ ಮಾತು. ಅದು ನಮ್ಮಲ್ಲಿ ಮಾತ್ರ ಇದೆ. ನಾವು ಅದನ್ನು ವೇದಿಕೆಯ ಮೇಲಷ್ಟೇ ಖರ್ಚು ಮಾಡುತ್ತಿದ್ದೇವೆ.

ಸಂಘ ಇರುವುದು ಸಾಹಿತ್ಯ ಸಂಸ್ಕೃತಿಗಳಿಗೆ, ಸಮಾಜಸೇವೆಗಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಹಾಗೆನ್ನುವವರು ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನು ನೆನೆಯಲಿ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗೆ ಅಕ್ಷರ ಕಲಿಸಿ ಬದುಕಿನ ದಾರಿ ತೋರಿದ್ದು ಹೊರನಾಡ ಕನ್ನಡಿಗರ ಪರಸ್ಪರ ಆಸರೆಯೇ. ಅಂದಿನ ಕಷ್ಟ ಎಳೆಯರದು, ಇಂದಿನದು ಹಿರಿಯರದು. ಆ ಹುಡುಗರಲ್ಲಿ ಕೆಲವರೇ ಇಂದು ಮರೆವಿಗೆ ಸಂದ ಮುದುಕರಾಗಿರಬಹುದು. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತನಾಗ್ ಕಾಣೆಯಾದಾಗ ಕಣ್ಣೊರೆಸಿಕೊಂಡ ನಾವು, ಪಕ್ಕದ ಬಡಾವಣೆಯ ಕನ್ನಡ ಮನೆಯೊಂದರಲ್ಲಿ ಅದೇ ನಡೆಯುತ್ತಿದ್ದರೆ 'ಅದು ಅವರ ಮನೆಯ ವಿಷಯ' ಎಂದು ಸುಮ್ಮನಿರುವುದು ಯಾವ ಸಂಸ್ಕೃತಿ?

ಮಾನ ಹೋದೀತು, ಮಕ್ಕಳ ಸಂಬಂಧಕ್ಕೆ ಅಡ್ಡಿಯಾದೀತು ಎಂಬ ಅಂಜಿಕೆ ಇನ್ನೊಂದು. ಅಂಜಿಕೆ ಸುಳ್ಳಲ್ಲ. ಆದರೆ ಅದು ಕರಗುವುದು ತನ್ನಂಥದೇ ಇನ್ನೊಂದು ಮನೆಯನ್ನು ಕಂಡಾಗ. 'ನಮ್ಮ ಅಪ್ಪನೂ ನನ್ನನ್ನು ಕಳ್ಳ ಎಂದರು' ಎಂದು ಇನ್ನೊಬ್ಬರ ಬಾಯಿಂದ ಕೇಳಿದ ಸೊಸೆಗೆ ಅಂದಿನಿಂದ ಆ ಬೈಗುಳ ಮಾವನದಲ್ಲ, ಕಾಯಿಲೆಯದು.

ಬೇಕಾಗಿರುವುದು ದೊಡ್ಡ ಯೋಜನೆಯಲ್ಲ. ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನ ಸಭಾಂಗಣವನ್ನೋ ಗ್ರಂಥಾಲಯದ ಕೋಣೆಯನ್ನೋ ಈ ಕುಟುಂಬಗಳಿಗೆ ಬಿಟ್ಟುಕೊಡಿ. ಅಲ್ಲಿ ಉಪನ್ಯಾಸ ಬೇಡ, ಮುಖ್ಯ ಅತಿಥಿ ಬೇಡ, ಶಾಲು ಹಾರವಂತೂ ಬೇಡವೇ ಬೇಡ. ಆರೈಕೆ ಮಾಡುವವರು ಒಂದು ಕೋಣೆಯಲ್ಲಿ ಮಾತಾಡಲಿ. ಪಕ್ಕದ ಕೋಣೆಯಲ್ಲಿ ಸ್ವಯಂಸೇವಕರು ಹಿರಿಯರೊಡನೆ ಕನ್ನಡದಲ್ಲಿ ಹರಟಲಿ, ಹಳೆಯ ಹಾಡು ಹಾಕಲಿ. ಮನೆ ಬಿಟ್ಟು ಬರಲಾಗದವರ ಬಳಿಗೆ ವಾರಕ್ಕೊಮ್ಮೆ ಇಬ್ಬರು ಹೋಗಿ ಎರಡು ಗಂಟೆ ಕೂತರೆ ಸಾಕು, ಆ ಮನೆಯಾಕೆ ಬ್ಯಾಂಕಿಗೆ ಹೋಗಿ ಬಂದಾಳು, ಇಲ್ಲವೇ ಬರಿದೆ ಮಲಗಿಯಾಳು. ಕನ್ನಡ ಬಲ್ಲ ಆರೈಕೆದಾರರ ಪಟ್ಟಿಯೊಂದಿರಲಿ. ಆಸ್ಪತ್ರೆಯ ಪರೀಕ್ಷೆಗೆ ಜೊತೆಯಲ್ಲಿ ಹೋಗಿ ದುಭಾಷಿಯಾಗುವವರ ಪಟ್ಟಿ ಇನ್ನೊಂದಿರಲಿ. ಈ ಪಟ್ಟಿಗಳಲ್ಲಿ ಗಂಡಸರ ಹೆಸರು ಅರ್ಧದಷ್ಟಾದರೂ ಇರಬೇಕು. ಇಲ್ಲದಿದ್ದರೆ ಸೊಸೆಯ ಹೆಗಲಿನ ಹೊರೆಯನ್ನು ಇನ್ನೊಬ್ಬ ಸೊಸೆಯ ಹೆಗಲಿಗೆ ಏರಿಸಿದಂತಾಗುತ್ತದೆ, ಅಷ್ಟೆ.

ಸೆಪ್ಟೆಂಬರ್ 21 ವಿಶ್ವ ಆಲ್ಜೈಮರ್ ದಿನ. ನವೆಂಬರ್ 1 ರಾಜ್ಯೋತ್ಸವ. ನಡುವಿನ ಆರು ವಾರ ಆಮಂತ್ರಣ ಪತ್ರಿಕೆಯ ಕರಡು ತಿದ್ದುವುದರಲ್ಲಿ ಕಳೆದುಹೋಗುತ್ತದೆಂಬುದು ಸಂಘ ನಡೆಸಿದ ಎಲ್ಲರಿಗೂ ಗೊತ್ತು. ಈ ಸಲ ಅದರೊಂದಿಗೆ ಸದಸ್ಯರ ಪಟ್ಟಿಯನ್ನೂ ತೆರೆಯಿರಿ. ಬರುವುದನ್ನು ನಿಲ್ಲಿಸಿದವರ ಹೆಸರುಗಳಿಗೆ ಗುರುತು ಹಾಕಿ, ಒಬ್ಬೊಬ್ಬರಿಗೂ ಫೋನು ಮಾಡಿ, ಮನೆಯಲ್ಲಿ ಹೇಗಿದ್ದೀರಿ ಎಂದು ಕನ್ನಡದಲ್ಲಿ ಕೇಳಿ.