ಹಕ್ಕಿಯ ಚಿತ್ರ ಯಾರಿಗೆ, ಹುಣಸೆಯ ನಷ್ಟ ಯಾರಿಗೆ?

ಫೆಬ್ರವರಿ ಬಂತೆಂದರೆ ದೊಡ್ಡ ಕ್ಯಾಮರಾ ಹೊತ್ತ ಬೆಂಗಳೂರಿನ ಕಾರುಗಳು ನಮ್ಮ ಬಟವಾಡಿಯನ್ನು ದಾಟಿ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ದಾರಿ ಹಿಡಿಯುತ್ತವೆ. ಅಲ್ಲಿ ಊರೊಳಗಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಹಕ್ಕಿ ನೋಡುವುದನ್ನು ನಾವು ತಪ್ಪೆನ್ನುವುದಿಲ್ಲ. ಆ ಹಕ್ಕಿ ಯಾರ ತ್ಯಾಗದಿಂದ ಬದುಕಿದೆ ಎಂಬುದನ್ನು ಮರೆಯುವುದು ಮಾತ್ರ ತಪ್ಪು.

ಹುಣಸೆ ಬಡಿಯುವ ಕಾಲವೂ ಕೊಕ್ಕರೆ ಗೂಡು ಕಟ್ಟುವ ಕಾಲವೂ ಒಂದೇ. ಬಡಿದರೆ ಗೂಡು ಬೀಳುತ್ತದೆಂದು ರೈತ ಕೋಲನ್ನು ಕೆಳಗಿಟ್ಟಿದ್ದಾನೆ. ಆ ನಷ್ಟವೆಷ್ಟೆಂದು ಹುಣಸೆ ತೂಗುವ ಅಂಗಡಿಯ ಬಂಧುಗಳಿಗೆ ಹೇಳಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಅರಣ್ಯ ಇಲಾಖೆ ಇಂಥ ಮರಗಳ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ ತಂದಿತು. ಗೂಡಿರುವ ಪ್ರತಿಯೊಂದು ಊರಿಗೂ ಪರಿಹಾರ ಸಲ್ಲಬೇಕು, ಅದು ಪೇಟೆಯ ದರಕ್ಕೆ ಸರಿಯಾಗಿರಬೇಕು ಎಂಬುದು ನಮ್ಮ ಒತ್ತಾಯ. ಅದು ಭಿಕ್ಷೆಯಲ್ಲ, ಮಿಲ್ಲಿನ ಕೂಲಿಯಂತೆ ಹಕ್ಕಿನ ಬಟವಾಡೆ.

ಕಾರ್ಮಿಕ ಬಂಧುಗಳೂ ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಲಿ. ಕ್ಯಾಮರಾ ಬೇಕಿಲ್ಲ, ಕಣ್ಣು ಸಾಕು. ಆದರೆ ಗೂಡಿಗೆ ದೂರವಿರಬೇಕು. ತಾಯಿಹಕ್ಕಿ ಬೆದರಿ ಎದ್ದರೆ ಮರಿ ಬಿಸಿಲಿಗೆ ಬಾಡುತ್ತದೆ, ಮೊಟ್ಟೆ ಕಾಗೆಯ ಪಾಲಾಗುತ್ತದೆ. ನೋಡಿದವರು ಮರದೊಡೆಯನಿಗೆ ಕೈಮುಗಿದು ಬರಲಿ; ಸರ್ಕಾರ ಕೈಮುಗಿದರೆ ಸಾಲದು, ಕೈಬಿಚ್ಚಬೇಕು.